ಚಕ್ರ ಹಾಕಿದರೆ ಜಡತ್ವ ಹೋಗುತ್ತಾ? ಭೌತಶಾಸ್ತ್ರ ಮೇಷ್ಟ್ರ ಜೊತೆ ಪ್ರಶ್ನೋತ್ತರ

ವಿದ್ಯಾರ್ಥಿನಿ: ನಮಸ್ಕಾರ ಸರ್. ದ್ರವ್ಯರಾಶಿ ಜಾಸ್ತಿ ಆದರೆ ಜಡತ್ವವೂ ಜಾಸ್ತಿ ಅಂತ ಬಾಯಿಪಾಠ ಮಾಡಿದ್ದೇನೆ. ಯಾಕೆ ಅಂತ ತಿಳಿಯುತ್ತಿಲ್ಲ.

ಮೇಷ್ಟ್ರು: ನಿಂತದ್ದು ನಿಂತೇ ಇರುತ್ತದೆ, ಓಡುವುದು ಅದೇ ವೇಗದಲ್ಲಿ ನೇರವಾಗಿ ಓಡುತ್ತಲೇ ಇರುತ್ತದೆ, ಹೊರಗಿನಿಂದ ಬಲ ಬೀಳುವ ತನಕ. ಇದು ಜಡತ್ವ. ಅದರ ಅಳತೆಯೇ ದ್ರವ್ಯರಾಶಿ ಕಣಮ್ಮ. ಒಂದೇ ಬಲ ಹಾಕಿದರೆ 1 ಕಿಲೋ ವಸ್ತು ಒಂದು ವೇಗಕ್ಕೆ ಬರಲು ಎಷ್ಟು ಹೊತ್ತು ಬೇಕೋ, ಅದೇ ವೇಗಕ್ಕೆ ಬರಲು 2 ಕಿಲೋದ್ದಕ್ಕೆ ಅದರ ಎರಡರಷ್ಟು ಹೊತ್ತು ಬೇಕು.

ಸದಸ್ಯ 1: ಸರ್, ಒಂದು ಫಾರ್ವರ್ಡ್ ಬಂದಿದೆ. ‘ಚಕ್ರದ ಮೇಲಿಟ್ಟರೆ ಭಾರವೆಲ್ಲ ನೆಲಕ್ಕೆ ಹೋಗುತ್ತದೆ, ಎಂಥ ಯಂತ್ರವನ್ನೂ ಒಂದೇ ಕೈಯಲ್ಲಿ ನಿಲ್ಲಿಸಬಹುದು.’ ನಾಳೆ 400 ಕಿಲೋ ಯಂತ್ರವನ್ನು ಟ್ರಾಲಿಯಲ್ಲಿ ಸಾಗಿಸಬೇಕು. ತಡೆಯಲು ಮುಂದೆ ಒಬ್ಬ ಹುಡುಗ ಸಾಕಲ್ವಾ?

ಮೇಷ್ಟ್ರು: ಬೇಡ. ಮುಂದೆ ಯಾರನ್ನೂ ನಿಲ್ಲಿಸಬೇಡಿ. ಚಕ್ರ ಕಡಿಮೆ ಮಾಡುವುದು ಘರ್ಷಣೆಯನ್ನು, ಜಡತ್ವವನ್ನಲ್ಲ. ಭಾರವನ್ನು ನೆಲ ಹೊತ್ತುಕೊಂಡಿದೆ ನಿಜ, ಆದರೆ ಆ 400 ಕಿಲೋ ದ್ರವ್ಯರಾಶಿ ಎಲ್ಲೂ ಹೋಗಿಲ್ಲ. ಟ್ರಾಲಿ ಸೆಕೆಂಡಿಗೆ 1 ಮೀಟರ್ ಹೋಗುತ್ತಿದೆ ಅಂದುಕೊಳ್ಳಿ, ನಿಧಾನದ ನಡಿಗೆ ಅಷ್ಟೇ. 4 ಸೆಕೆಂಡಿನಲ್ಲಿ ಮೆಲ್ಲಗೆ ನಿಲ್ಲಿಸಲು 100 ನ್ಯೂಟನ್ ಸಾಕು, ಸುಮಾರು 10 ಕಿಲೋ ಎತ್ತುವ ಬಲ, ಅದಕ್ಕೇ ಎಲ್ಲರಿಗೂ ಇದು ಸುಲಭ ಅನಿಸುವುದು. ಅದೇ ಟ್ರಾಲಿ ಹುಡುಗನನ್ನು ಗೋಡೆಗೆ ಒತ್ತಿ 0.1 ಸೆಕೆಂಡಿನಲ್ಲಿ ನಿಂತರೆ 4000 ನ್ಯೂಟನ್. ಸುಮಾರು 400 ಕಿಲೋ ತೂಕ ಎದೆ ಮೇಲೆ ಬಿದ್ದಷ್ಟು. ಬ್ರೇಕ್ ಇರುವ ಟ್ರಾಲಿ ತನ್ನಿ, ಹಿಂದಿನಿಂದ ನಿಧಾನ ತಳ್ಳಿ. ದಾರಿಯಲ್ಲಿ ಇಳಿಜಾರು ಇದೆಯಾ?

ಸದಸ್ಯ 1: ಸ್ವಲ್ಪ ಇದೆ ಸರ್.

ಮೇಷ್ಟ್ರು: ಹಾಗಾದರೆ ನೀವೇ ಮಾಡಬೇಡಿ. ಯಂತ್ರ ಸಾಗಿಸುವ ಕೆಲಸದವರನ್ನೇ ಕರೆಸಿ.

ಸದಸ್ಯ 2: ಆ ಫಾರ್ವರ್ಡ್ ಕಳಿಸಿದ್ದು ತಿಳಿದವರೇ. ಪೂರ್ತಿ ಸುಳ್ಳಿರಲಿಕ್ಕಿಲ್ಲ.

ಮೇಷ್ಟ್ರು: ಭಾರವನ್ನು ನೆಲ ಹೊರುತ್ತದೆ ಅನ್ನುವಷ್ಟು ನಿಜ. ಒಂದೇ ಕೈಯಲ್ಲಿ ನಿಲ್ಲಿಸಬಹುದು ಅನ್ನುವುದು ಸುಳ್ಳು. ಅಳಿಸಿ.

ಸದಸ್ಯ 3: ವೇಗ ಹೆಚ್ಚಿದಂತೆ ಜಡತ್ವವೂ ಹೆಚ್ಚುತ್ತದೆ, ಅದೂ ಸೇರಿಸಿ ಸರ್.

ಸದಸ್ಯ 4: ತಪ್ಪು. ಹೆಚ್ಚುವುದು ಸಂವೇಗ, ಅಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು.

ಸದಸ್ಯ 3: ಎರಡೂ ಒಂದೇ ಅಲ್ವಾ? ಸುಮ್ನೆ ಜಗ್ಗಬೇಡಿ.

ಸದಸ್ಯ 4: ನಿಂತ ಲಾರಿಯ ಸಂವೇಗ ಸೊನ್ನೆ. ಜಡತ್ವವೂ ಸೊನ್ನೆನಾ? ಹೋಗಿ ತಳ್ಳಿ ನೋಡಿ.

ಸದಸ್ಯ 3: ಮಾತು ಸರಿಯಾಗಿ ಆಡಿ ಸ್ವಾಮಿ.



ವಿದ್ಯಾರ್ಥಿನಿ: ಬಾಹ್ಯಾಕಾಶದಲ್ಲಿ ತೂಕವೇ ತಿಳಿಯಲ್ಲ, ಅಲ್ಲಿ ಜಡತ್ವ ಇರುತ್ತಾ ಸರ್?

ಮೇಷ್ಟ್ರು: ಒಳ್ಳೆ ಪ್ರಶ್ನೆ. ಇರುತ್ತದೆ, ಅಲ್ಲಿ ದ್ರವ್ಯರಾಶಿ ಅಳೆಯುವುದೇ ಜಡತ್ವದಿಂದ. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿ ಗಗನಯಾತ್ರಿಗಳನ್ನು ಸ್ಪ್ರಿಂಗ್ ಕುರ್ಚಿಯಲ್ಲಿ ಕೂರಿಸಿ ತೂಗಾಡಿಸುತ್ತಿದ್ದರು. ಒಟ್ಟು ದ್ರವ್ಯರಾಶಿ 4 ಪಟ್ಟಾದರೆ ಒಂದು ತೂಗಾಟಕ್ಕೆ ಹಿಡಿಯುವ ಸಮಯ 2 ಪಟ್ಟು. ಸಮಯ ನೋಡಿ ದ್ರವ್ಯರಾಶಿ ಲೆಕ್ಕ ಹಾಕುತ್ತಿದ್ದರು.

ಸದಸ್ಯ 6: ಚಂದ್ರನ ಮೇಲೆ ಜಡತ್ವ ಆರನೇ ಒಂದು ಭಾಗ ಅಲ್ವಾ?

ಮೇಷ್ಟ್ರು: ಇಲ್ಲ. ತೂಕ ಮಾತ್ರ.

ಸದಸ್ಯ 2: ಚಕ್ರದ ಫಾರ್ವರ್ಡ್ ಇನ್ನೊಂದು ಗುಂಪಿನಲ್ಲೂ ಬಂತು. ಇಲ್ಲಿ ಹಾಕಲಾ?

ಮೇಷ್ಟ್ರು: ಹಾಕಬೇಡಿ. ಅಲ್ಲಿ ಹೋಗಿ ತಪ್ಪು ಅಂತ ಬರೆಯಿರಿ.