ಸಹಾಯ ಬೇಕು: ಪಿಕಪ್ ಬಿಸಿಯಾದ ಮೇಲೆ ಗೇರ್ ಬೀಳುತ್ತಿಲ್ಲ

ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟ. ಚೀಲ ಸಾಗಿಸುವ ಡೀಸೆಲ್ ಪಿಕಪ್ ತುಂಬಾ ಕಾಡುತ್ತಿದೆ. ಬೆಳಿಗ್ಗೆ ತಣ್ಣಗಿರುವಾಗ ತೊಂದರೆ ಇಲ್ಲ. ಚೆಟ್ಟಳ್ಳಿ ದಾಟಿ ಮಡಿಕೇರಿ ಏರು ಹತ್ತುವಷ್ಟರಲ್ಲಿ ಫಸ್ಟ್ ಬೀಳುವುದಿಲ್ಲ, ರಿವರ್ಸ್ ಹಾಕಿದರೆ ಕರಕರ ಅಂತ ಹಲ್ಲು ಕಡಿಯುವ ಸದ್ದು. ಇಂಜಿನ್ ಆಫ್ ಮಾಡಿದರೆ ಎಲ್ಲಾ ಗೇರೂ ಸಲೀಸಾಗಿ ಬೀಳುತ್ತವೆ. ಹಾಗಾಗಿ ಗೇರ್‌ಬಾಕ್ಸ್ ಸರಿಯಿದೆ, ಕ್ಲಚ್ಚೇ ಪೂರ್ತಿ ಬಿಡುತ್ತಿಲ್ಲ ಅಂತ ನನ್ನ ಲೆಕ್ಕ.

ಪೆಡಲ್ ಪಟಪಟ ಪಂಪ್ ಮಾಡಿದರೆ ಗೇರ್ ಬೀಳುತ್ತದೆ. ಆದರೆ ಗೇರಿನಲ್ಲಿಟ್ಟು ಪೆಡಲ್ ಒತ್ತಿ ಹಿಡಿದೇ ಇದ್ದರೂ ಗಾಡಿ ನಿಧಾನಕ್ಕೆ ಮುಂದೆ ತೆವಳುತ್ತದೆ. ಲೋಡ್ ಜಾಸ್ತಿ ಇದ್ದರೂ ಏರಿನಲ್ಲಿ ಕ್ಲಚ್ ಜಾರುವುದಿಲ್ಲ, ಸುಟ್ಟ ವಾಸನೆಯೂ ಇಲ್ಲ.

ಕೆಳಗೆ ಗೇರ್‌ಬಾಕ್ಸ್ ಹತ್ತಿರ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಹೊಸದು ಹಾಕಿಸಿ, ಕ್ಲಚ್ ಆಯಿಲ್ ಬದಲಿಸಿ, ಗಾಳಿ ತೆಗೆಸಿದ್ದಾಯಿತು. ಡಬ್ಬಿಯಲ್ಲಿ ಆಯಿಲ್ ಇಳಿಯುತ್ತಿಲ್ಲ, ಎಲ್ಲೂ ಸೋರುತ್ತಿಲ್ಲ. ಒಬ್ಬ ಮೆಕ್ಯಾನಿಕ್, ಪೆಡಲ್ ಒತ್ತಿದಾಗ ಆ ಆಯಿಲನ್ನು ಸ್ಲೇವ್‌ಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿದೆ ಅಂತಾರೆ. ಇನ್ನೊಬ್ಬರು ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಕಡೆಯ ಒಳಭಾಗಗಳಾದ ಪ್ರೆಷರ್ ಪ್ಲೇಟ್, ಡಿಸ್ಕ್, ಪೈಲಟ್ ಬೇರಿಂಗ್ ಎಲ್ಲಾ ಬದಲಿಸಬೇಕು ಅಂತಾರೆ. ಕೊಯ್ಲಿನ ಸಮಯದಲ್ಲಿ ಗಾಡಿ ಸುಮ್ನೆ ಗ್ಯಾರೇಜಲ್ಲಿ ನಿಲ್ಲಿಸಲು ಆಗುವುದಿಲ್ಲ ಅಲ್ವಾ?

ಗೇರ್‌ಬಾಕ್ಸ್ ಇಳಿಸದೆ, ಮಾಸ್ಟರ್ ಸಿಲಿಂಡರೇ ಹೋಗಿದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ಪೆಡಲ್ ಒತ್ತಿ ಹಿಡಿದಾಗ ಸ್ಲೇವ್‌ನ ಪುಶ್ ರಾಡ್ (ಕ್ಲಚ್ ಲಿವರ್ ತಳ್ಳುವ ಕಡ್ಡಿ) ತಾನಾಗಿ ಹಿಂದೆ ಸರಿದರೆ ಅಷ್ಟು ಸಾಕಾ, ಬೇರೆ ಏನಾದರೂ ನೋಡಬೇಕಾ?