ಪದಚರ್ಚೆ: ಡಾರ್ಕ್‌ರೂಮ್ ತೊಟ್ಟಿಯ ‘ಡ್ರೇನ್’ಗೆ ಕನ್ನಡ ಬೇಕು (ನಾಳೆಯೊಳಗೆ)

ಬೆಳಗಾವಿಯಿಂದ:

ಮಾನ್ಯರೇ, ಇಲ್ಲಿನ ಒಂದು ಕಲಾಶಾಲೆಯ ಡಾರ್ಕ್‌ರೂಮಿಗೆ, ಅಂದರೆ ಫೋಟೋ ತೊಳೆಯುವ ಕತ್ತಲೆ ಕೋಣೆಗೆ, ಕನ್ನಡ ಫಲಕಗಳನ್ನು ಬರೆದುಕೊಡುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅಕ್ಷರ ಕೊರೆಯುವವರ ಕೈಗೆ ಬರಹ ಸೇರಬೇಕು.

ವಸ್ತು ಹೀಗಿದೆ. ಫೋಟೋ ಕಾಗದವನ್ನು ತಟ್ಟೆಗಳಲ್ಲಿ ಅದ್ದುವ ಬದಲು, ನಿಂತ ಕಿರಿದಾದ ಖಾನೆಗಳಿರುವ ಪ್ಲಾಸ್ಟಿಕ್ ತೊಟ್ಟಿಯೊಳಗೆ ಇಳಿಬಿಡುತ್ತಾರೆ. ಒಂದು ಖಾನೆಯಲ್ಲಿ ಚಿತ್ರ ಮೂಡಿಸುವ ಡೆವಲಪರ್, ಮುಂದಿನದರಲ್ಲಿ ಆ ಮೂಡುವಿಕೆಯನ್ನು ತಡೆಯುವ ಸ್ಟಾಪ್ ಬಾತ್, ಅದರಾಚೆಗೆ ಮೂಡಿದ ಚಿತ್ರವನ್ನು ಕಾಯಂ ಆಗಿ ನಿಲಿಸುವ ಹೈಪೋ. ಖಾನೆಗಳ ಸುತ್ತಲೂ ನೀರು ತುಂಬಿರುತ್ತದೆ. ಹೀಟರ್ ಕಾಯಿಸುವುದು ಆ ನೀರನ್ನು. ನೀರು ಕಾಯಿಸುವುದು ಕೆಮಿಕಲ್ಲನ್ನು. ಕಪ್ಪು-ಬಿಳುಪಿಗೆ 20 ಡಿಗ್ರಿ, ಬಣ್ಣದ ಕಾಗದಕ್ಕೆ 35 ಡಿಗ್ರಿ ಸೆಲ್ಸಿಯಸ್. ಪ್ರತಿ ಖಾನೆಯ ತಳಕ್ಕೆ ಒಂದೊಂದು ನಳ, ಸುತ್ತಲಿನ ನೀರಿಗೂ ಬೇರೆಯದೇ ನಳ.

ಇಂಗ್ಲಿಷ್ ಕೈಪಿಡಿ ಎಲ್ಲ ನಳಗಳಿಗೂ ‘ಡ್ರೇನ್’ ಎಂದಷ್ಟೇ ಹೇಳುತ್ತದೆ. ಸುತ್ತಲಿನ ನೀರಿಗೆ ‘ವಾಟರ್ ಜಾಕೆಟ್’. ನನಗೆ ಸೂಚಿಸಿರುವ ಅನುವಾದ ‘ಜಲಕವಚ ನಿರ್ಗಮ ದ್ವಾರ’. ಇದನ್ನು ಕೊರೆಸಲು ಮನಸ್ಸು ಒಪ್ಪುತ್ತಿಲ್ಲ. ಹೆಚ್ಚಾದ ನೀರು ಹೊರಹೋಗುವ ಮೇಲಿನ ಕೊಳವೆಗೂ ಒಂದು ಪದ ಬೇಕು.

ವಿಜಯಪುರದಿಂದ:

ಜಲಕವಚ ಬೇಡ. ‘ನೀರಂಗಿ’ ಎನ್ನಿ. ಡ್ರೇನ್ ಮಾಡುವುದಕ್ಕೆ ‘ಖಾಲಿ ಮಾಡು’ ಎನ್ನಲೂ ಬೇಡಿ. ‘ಖಾಲಿ’ ಅರಬ್ಬಿಯದು, ‘ಖಾನೆ’ ಫಾರಸಿಯದು. ಎರಡನ್ನೂ ಬಿಡಿ, ‘ಬರಿದು’, ‘ಅರೆ’ ಇವೆ. ಡ್ರೇನ್ ಎಂದರೆ ತೂಬು. ತೂತು, ತೂಬು, ತೂರು ಮೂರಕ್ಕೂ ಒಂದೇ ಬೇರು, ಅಚ್ಚಗನ್ನಡದ ಬೇರು. ಈ ಪ್ರಶ್ನೆಗೆ ಇದಕ್ಕಿಂತ ಉದ್ದದ ಉತ್ತರ ಬೇಕಿಲ್ಲ.

ಬಾಗಲಕೋಟೆಯಿಂದ:

ತೂಬು ಸರಿ. ವ್ಯುತ್ಪತ್ತಿ ಒಪ್ಪುವುದಿಲ್ಲ. ತಮಿಳಿನಲ್ಲಿ ‘ತೂಂಬು’, ತೆಲುಗಿನಲ್ಲಿ ‘ತೂಮು’. ನಡುವಿನ ಅನುನಾಸಿಕವನ್ನು ನುಂಗಿ ‘ತೂತು’ವಿನ ಪಕ್ಕದಲ್ಲಿ ಕೂರಿಸಿದರೆ ಬೇರು ಒಂದಾಗುವುದಿಲ್ಲ. ಧ್ವನಿ ಹೋಲಿಕೆಯನ್ನು ನಿಷ್ಪತ್ತಿ ಎಂದು ಕರೆಯುವ ಚಾಳಿ ಈ ಬಳಗದಲ್ಲಿ ಇನ್ನಾದರೂ ನಿಲ್ಲಲಿ.

ಇನ್ನು ‘ನೀರಂಗಿ’. ಅಂಗಿ ಬಂದಿರುವುದು ಸಂಸ್ಕೃತದ ಅಂಗಿಕಾದಿಂದ. ಅಚ್ಚಗನ್ನಡದ ಹೆಸರಿನಲ್ಲಿ ತದ್ಭವವನ್ನು ಮುಂದಿಡುವವರು ‘ಖಾಲಿ’ಯನ್ನು ಹೊರಗೆ ಹಾಕಲು ಯಾವ ಹಕ್ಕು ಹೊಂದಿದ್ದಾರೆ? ಮೇಲಾಗಿ ನೀರಂಗಿ ಎಂದು ಓದಿದವರ ಕಣ್ಣಿಗೆ ಮಳೆಗಾಲದ ರೇನ್‌ಕೋಟ್ ಬರುತ್ತದೆ.

ನಾನು ನೀರಾವರಿ ಕೆಲಸದಲ್ಲಿದ್ದವನು, ಅಲ್ಲಿಂದಲೇ ಹೇಳುತ್ತೇನೆ. ಕೆರೆಯಲ್ಲಿ ತೂಬು ಕೆಳಗಿರುತ್ತದೆ. ಬೇಕೆಂದಾಗ ನಾವು ತೆರೆಯುತ್ತೇವೆ, ಮುಚ್ಚುತ್ತೇವೆ. ಕೋಡಿ ಮೇಲಿರುತ್ತದೆ, ಮಟ್ಟ ಮೀರಿದರೆ ನೀರು ಯಾರನ್ನೂ ಕೇಳದೆ ಅಲ್ಲಿ ಹರಿಯುತ್ತದೆ. ನಿಮ್ಮ ತೊಟ್ಟಿಯ ತಳದ ನಳ ತೂಬು, ಮೇಲಿನ ಕೊಳವೆ ಕೋಡಿ. ಹೊಸ ಪದವನ್ನು ಹೊಸೆಯಬೇಕಾಗಿಯೇ ಇಲ್ಲ.

ಜಮಖಂಡಿಯಿಂದ:

ತಂಗಿ, ಮೇಲಿನ ಇಬ್ಬರೂ ಹೆಸರುಪದಕ್ಕೆ ಜಗಳವಾಡುತ್ತಿದ್ದಾರೆ. ನಿನ್ನ ಫಲಕದಲ್ಲಿ ಕೆಲಸ ಮಾಡಬೇಕಾದದ್ದು ಕ್ರಿಯಾಪದ. ನಾನು ಸ್ಟುಡಿಯೋದ ಕತ್ತಲೆ ಕೋಣೆಯಲ್ಲೇ ವಯಸ್ಸು ಕಳೆದವನು. ಇಂಗ್ಲಿಷ್ ಒಂದೇ ಪದದಲ್ಲಿ ಮುಚ್ಚಿಟ್ಟಿರುವ ಎರಡು ಕೆಲಸಗಳನ್ನು ಕನ್ನಡದಲ್ಲಿ ಬೇರೆ ಮಾಡಲೇಬೇಕು.

ಸುತ್ತಲಿನ ನೀರು ಬರೀ ನೀರು. ಪಾಚಿಗೆ ಮದ್ದು ಹಾಕಿರದಿದ್ದರೆ ಅದನ್ನು ಗಟಾರಕ್ಕೆ ಬಿಡಬಹುದು. ಅದಕ್ಕೆ ‘ಹರಿಯಬಿಡು’. ಹೈಪೋ ಹಾಗಲ್ಲ. ಕಾಗದದಲ್ಲಿ ಬೆಳಕು ತಾಗದ ಬೆಳ್ಳಿಯ ಲವಣವನ್ನೆಲ್ಲ ಕರಗಿಸಿಕೊಂಡು ಕುಳಿತಿರುವುದು ಅದೇ. ಬಳಸಿದ ಹೈಪೋ ಗಟಾರಕ್ಕೆ ಹೋದರೆ ಬೆಳ್ಳಿಯೂ ಹೋಯಿತು, ನೀರೂ ಕೆಟ್ಟಿತು. ಹಿಡಿದಿಟ್ಟು ಅದರಲ್ಲಿ ಉಕ್ಕಿನ ನಾರು ಹಾಕಿದರೆ ಕಬ್ಬಿಣ ಕರಗುತ್ತದೆ, ಬೆಳ್ಳಿ ತಳದಲ್ಲಿ ಕೂರುತ್ತದೆ. ಹಾಗಾಗಿ ಹೈಪೋ ನಳಕ್ಕೆ ‘ಬಸಿ’ ಎಂಬ ಪದವೇ ಬೇಕು. ಹೋಳಿಗೆಗೆ ಬೇಳೆ ಬೇಯಿಸಿ ಕಟ್ಟು ಬಸಿಯುವಾಗ ಯಾರಾದರೂ ಅದನ್ನು ಚೆಲ್ಲುತ್ತಾರೆಯೇ? ಕೆಳಗೆ ಪಾತ್ರೆ ಇಟ್ಟುಕೊಂಡೇ ಬಸಿಯುತ್ತೇವೆ, ಕಟ್ಟಿನ ಸಾರು ಮಾಡುತ್ತೇವೆ. ನಮ್ಮ ಮನೆಗಳಲ್ಲಿ ‘ಬಸಿ’ ಎಂದರೆ ಕೈ ತಾನಾಗಿ ಪಾತ್ರೆಯನ್ನು ಹುಡುಕುತ್ತದೆ. ‘ಖಾಲಿ ಮಾಡು’, ‘ಬರಿದು ಮಾಡು’ ಎಂದರೆ ಆ ಎಚ್ಚರ ಬರುವುದಿಲ್ಲ. ಒಂದು ಅರಬ್ಬಿ, ಇನ್ನೊಂದು ಅಚ್ಚಗನ್ನಡ. ಈ ಕೆಲಸಕ್ಕೆ ಎರಡೂ ಸಲ್ಲುವುದಿಲ್ಲ.

ಡೆವಲಪರಿಗೂ ‘ಬಸಿ’ಯೇ ಇರಲಿ, ಪಾತ್ರೆ ಮಾತ್ರ ಬೇರೆ. ಹೈಪೋದ ತೊಟ್ಟು ಡೆವಲಪರಿಗೆ ಸೇರಿದರೆ ಕೆಲಸ ಕೆಟ್ಟಂತೆಯೇ. ಸ್ಟಾಪ್ ಬಾತ್ ಆಮ್ಲ. ಅದನ್ನೂ ಹೈಪೋವನ್ನೂ ಒಂದೇ ಬಕೆಟ್ಟಿಗೆ ಬಸಿದರೆ ಗಂಧಕದ ಡೈಆಕ್ಸೈಡ್ ಎದ್ದು ಎದೆ ಹಿಡಿಯುತ್ತದೆ. ಕಿಟಕಿಯಿಲ್ಲದ ಕೋಣೆ ಎಂಬುದು ನೆನಪಿರಲಿ. ಫಲಕದಲ್ಲಿ ‘ಬೇರೆ ಬೇರೆ ಡಬ್ಬಿಗೆ’ ಎಂದು ಇರಲೇಬೇಕು.

ಇನ್ನೊಂದು ಕ್ರಿಯಾಪದ ‘ಇಳಿಸು’. ಖಾನೆಗಳ ಗೋಡೆ ತೆಳುವಾದ ಪ್ಲಾಸ್ಟಿಕ್. ಹೊರಗೆ ನೀರು ತುಂಬಿರುವಾಗ ಒಳಗೆ ಬರಿದಾದರೆ ಗೋಡೆ ಒಳಕ್ಕೆ ಬಾಗುತ್ತದೆ. ಒಳಗೆ ತುಂಬಿದ್ದು ಹೊರಗೆ ಬರಿದಾದರೆ ಹೊರಕ್ಕೆ ಉಬ್ಬುತ್ತದೆ. ಒಂದು ಖಾನೆಯನ್ನಷ್ಟೇ ಬಸಿದರೆ ಕೂಡಲೇ ಅದಕ್ಕೆ ನೀರು ತುಂಬಬೇಕು. ಪೂರ್ತಿ ತೊಳೆಯುವುದಿದ್ದರೆ ಒಳಗಿನದನ್ನೂ ಹೊರಗಿನದನ್ನೂ ಸ್ವಲ್ಪ ಸ್ವಲ್ಪವಾಗಿ ಜೊತೆಜೊತೆಗೆ ಇಳಿಸಬೇಕು. ಇದೆಲ್ಲಕ್ಕೂ ಮೊದಲು ಹೀಟರ್ ಆರಿಸಿ, ಪ್ಲಗ್ ಕಿತ್ತು, ಆರಲು ಬಿಡಬೇಕು. ನೀರಿಲ್ಲದೆ ಉರಿದ ಹೀಟರ್ ಸುಟ್ಟುಹೋಗುತ್ತದೆ, ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ.

‘ವಾಟರ್ ಜಾಕೆಟ್’ಗೆ ಕವಚವೂ ಬೇಡ, ಅಂಗಿಯೂ ಬೇಡ. ‘ಹೊರನೀರು’ ಸಾಕು. ಒಳಗಿರುವುದು ಕೆಮಿಕಲ್, ಹೊರಗಿರುವುದು ನೀರು.

ವಿಜಯಪುರದಿಂದ:

‘ಹೊರನೀರು’ ಒಪ್ಪಿದೆ. ‘ಬಸಿ’ ಒಪ್ಪಿದೆ. ಆದರೆ ಹೀಟರ್, ಹೈಪೋ, ಡೆವಲಪರ್, ಡಬ್ಬಿ, ಬಕೆಟ್, ಗಟಾರ! ಒಂದು ಫಲಕದಲ್ಲಿ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಗಟಾರ ಮರಾಠಿಯ ದಾರಿಯಲ್ಲಿ ಬಂದದ್ದು. ಚರಂಡಿ ಎಂದು ಬರೆಯಿರಿ. ಹೈಪೋಗೆ ‘ನಿಲಿಸುಕ’, ಡೆವಲಪರಿಗೆ ‘ಮೂಡಿಸುಕ’. ಕಲಿಯುವ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಟ್ಟರೆ ರೂಢಿಯಾಗುತ್ತದೆ. ರೂಢಿ ಆಕಾಶದಿಂದ ಬೀಳುವುದಿಲ್ಲ, ನಾವು ಮಾಡಿದರೆ ಆಗುತ್ತದೆ.

ಬಾಗಲಕೋಟೆಯಿಂದ:

‘ನಿಲಿಸುಕ’ ಎಂದು ಬರೆದರೆ ಓದಿದವನು ಸ್ಟಾಪ್ ಬಾತ್ ಎಂದು ತಿಳಿದು ಬೇರೆ ಖಾನೆಯನ್ನು ತೆರೆಯುತ್ತಾನೆ. ನಿಮ್ಮ ಶುದ್ಧಿಯ ಬೆಲೆಯನ್ನು ಆ ಹುಡುಗ ತೆರಬೇಕೇ?

ಹೈಪೋ ಎಂಬ ಹೆಸರಿನ ಕಥೆಯನ್ನೂ ಕೇಳಿ. ಬೆಳ್ಳಿಯ ಲವಣಗಳನ್ನು ಅದು ಕರಗಿಸುತ್ತದೆಂದು 1819ರಲ್ಲಿ ತೋರಿಸಿದವರು ಜಾನ್ ಹರ್ಷೆಲ್. ಆಗಿನ ಹೆಸರು ಹೈಪೋಸಲ್ಫೈಟ್. ರಸಾಯನಶಾಸ್ತ್ರ ಆಮೇಲೆ ಅದನ್ನು ಥಯೋಸಲ್ಫೇಟ್ ಎಂದು ತಿದ್ದಿತು. ಫೋಟೋದವರು ತಿದ್ದಿಕೊಳ್ಳಲಿಲ್ಲ, ಇಂಗ್ಲೆಂಡಿನಲ್ಲೂ ತಿದ್ದಿಕೊಳ್ಳಲಿಲ್ಲ. ಕಸುಬಿನವರ ಬಾಯಿಗೆ ಕೂತ ಪದವನ್ನು ಶಾಸ್ತ್ರವೇ ಕೀಳಲಾಗಲಿಲ್ಲ, ನೀವು ಕೀಳುತ್ತೀರಾ?

ನಿಮ್ಮ ಊರಿನ ನೀರನ್ನೇ ನೋಡಿ. 1651ರ ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ತಂದರು, ನಡುವೆ ಒತ್ತಡ ತಗ್ಗಿಸಲು ಗಂಜ್ ಎಂಬ ನೀರಿನ ಗೋಪುರಗಳನ್ನು ಕಟ್ಟಿದರು. ಆ ಕಾಲದ ಆಡಳಿತದ ಜೊತೆ ಬಂದ, ನೀರಿನ ತೊಟ್ಟಿ ಎಂಬ ಅರ್ಥದ ಅರಬ್ಬಿಯ ‘ಹೌಜ್’ ಇಂದು ಈ ಭಾಗದ ಮನೆಮನೆಯ ‘ಹೌದ’. ಹಿತ್ತಲಿನ ಹೌದಕ್ಕೆ ನೀರು ತುಂಬಿಸುವ ತಾಯಿಗೆ ನಿನ್ನ ಮಾತು ಕನ್ನಡವಲ್ಲ ಎಂದು ಹೇಳಲು ನನಗಂತೂ ಬಾಯಿ ಬಾರದು. ಗಟಾರ ಬೆಳಗಾವಿಯಲ್ಲಿ ಎಲ್ಲರಿಗೂ ತಿಳಿಯುವ ಪದ. ಫಲಕವಿರುವುದು ಬೆಳಗಾವಿಯಲ್ಲಿ.

ವಿಜಯಪುರದಿಂದ:

ಹೌದ ಬಂದಾಗ ಅದಕ್ಕೆ ಇಲ್ಲಿ ಇನ್ನೂರು ಮುನ್ನೂರು ವರ್ಷ ಬಾಳುವ ಅವಕಾಶ ಸಿಕ್ಕಿತು, ಕನ್ನಡವಾಯಿತು. ಇಂದು ಬರುವ ಪದಗಳಿಗೆ ಬಾಳುವ ಪುರುಸೊತ್ತಿಲ್ಲ. ಒಂದರ ಹಿಂದೆ ಒಂದು ಬಂದು ಕ್ರಿಯಾಪದವನ್ನೂ ತಳ್ಳುತ್ತವೆ. ‘ಡ್ರೇನ್ ಮಾಡು’, ‘ಫಿಲ್ ಮಾಡು’, ‘ಹೀಟ್ ಮಾಡು’. ನನ್ನ ಸಿಟ್ಟು ಹೈಪೋದ ಮೇಲಲ್ಲ, ಈ ‘ಮಾಡು’ವಿನ ಮೇಲೆ. ಜಮಖಂಡಿಯ ಹಿರಿಯರು ಕ್ರಿಯಾಪದವನ್ನು ಉಳಿಸಿದರು, ಅವರಿಗೆ ಶರಣು. ಚರಂಡಿಯ ವಿಚಾರದಲ್ಲಿ ನನ್ನ ಮಾತು ಬದಲಾಗುವುದಿಲ್ಲ.

ಬೆಳಗಾವಿಯಿಂದ:

ಎಲ್ಲರಿಗೂ ನಮಸ್ಕಾರ. ಕೊರೆಯಲು ಕಳಿಸುತ್ತಿರುವ ಬರಹ ಇದು:

ಹೊರನೀರಿನ ತೂಬು: ಹೀಟರ್ ಆರಿಸಿದ ಮೇಲೆಯೇ ಹರಿಯಬಿಡಿ.
ಕೋಡಿ: ಮುಚ್ಚಬೇಡಿ.
ಡೆವಲಪರ್, ಸ್ಟಾಪ್ ಬಾತ್, ಹೈಪೋ: ಬೇರೆ ಬೇರೆ ಡಬ್ಬಿಗೆ ಬಸಿಯಿರಿ. ಹೈಪೋ ಗಟಾರಕ್ಕೆ ಬಿಡಬೇಡಿ.
ಬಸಿದ ಖಾನೆಗೆ ಕೂಡಲೇ ನೀರು ತುಂಬಿ.
ಹೊರನೀರು ಇಲ್ಲದೆ ಹೀಟರ್ ಹಾಕಬೇಡಿ.

ಎರಡು ಪ್ರಶ್ನೆ ಉಳಿದಿವೆ. ಬೋರಿನ ನೀರಿನಿಂದ ಹೀಟರಿಗೆ ಕಟ್ಟುವ ಬಿಳಿ ಪದರಿಗೆ ಏನೆನ್ನಬೇಕು? ಕೊನೆಯ ಸಾಲನ್ನು ಕೆಂಪಿನಲ್ಲಿ ಕೊರೆಸಬಹುದೇ?

ಜಮಖಂಡಿಯಿಂದ:

‘ಸುಣ್ಣದ ಪದರು’ ಎಂದು ಬರೆ, ಎಲ್ಲರಿಗೂ ತಿಳಿಯುತ್ತದೆ. ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ನೆನೆಸಿದರೆ ಬಿಡುತ್ತದೆ, ಚಾಕುವಿನಿಂದ ಕೆರೆಯಬಾರದು.

ಕೆಂಪು ಬೇಡವೇ ಬೇಡ, ತಂಗಿ. ಕಪ್ಪು-ಬಿಳುಪು ಕಾಗದಕ್ಕೆ ಅಲ್ಲಿ ಉರಿಯುವುದು ಕೆಂಪು ದೀಪ. ಕೆಂಪು ಬೆಳಕಿನಲ್ಲಿ ಬಿಳಿಯ ಮೇಲಿನ ಕೆಂಪು ಅಕ್ಷರ ಕಾಣುವುದೇ ಇಲ್ಲ. ದಪ್ಪ ಕಪ್ಪು ಅಕ್ಷರ ಹಾಕಿಸು. ಬಣ್ಣದ ಕಾಗದದ ಕೆಲಸದಲ್ಲಿ ಆ ದೀಪವನ್ನೂ ಹಾಕುವಂತಿಲ್ಲ. ಆಗ ಬೆರಳಿಗೆ ಸಿಗುವಂತೆ ಅಕ್ಷರ ಆಳವಾಗಿರಲಿ, ಹೈಪೋ ನಳದ ಪಕ್ಕದಲ್ಲಿ ಒಂದು ಉಬ್ಬಿದ ಗುಂಡಿಯನ್ನೂ ಅಂಟಿಸಲು ಹೇಳು.