ಸಹಾಯ ಬೇಕು: ಟೈಲ್ಸ್ ಒಡೆಯದೆ ಗೋಡೆಯೊಳಗಿನ ಎಲ್ಬೋ (ನಲ್ಲಿ ಕೂರುವ ಬಾಗಿದ ಪೈಪ್ ತುಂಡು) ಉಳಿಸಬಹುದಾ?

ಬಾತ್‌ರೂಮಿನ ನಲ್ಲಿ ಸೋರ್ತಿದೆ, ಆದರೆ ಅದರ ಬಾಯಿಂದಲ್ಲ, ಗೋಡೆ ಸೇರುವ ಬುಡದಿಂದ. ಹಾಗಾಗಿ ವಾಷರ್ ಬದಲಿಸಿ ಅಂತ ದಯವಿಟ್ಟು ಹೇಳಬೇಡಿ. ಅರ್ಧ ಇಂಚಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಲೈನು. ಎಲ್ಬೋದ ಹೊರಗಿನ 2-3 ಸುತ್ತು ಥ್ರೆಡ್ (ತಿರುಪು) ತುಕ್ಕು ತಿಂದಿದೆ, ಒಳಗಿನದು ಗಟ್ಟಿಯಾಗಿದೆ.

ಮೇಲಿನ ವಾಲ್ವ್ ಬಂದ್ ಮಾಡಿ, ಥ್ರೆಡ್ ಬ್ರಷ್‌ನಿಂದ ಉಜ್ಜಿ, ನಲ್ಲಿಯ ಥ್ರೆಡ್ಡಿಗೆ 12 ಸುತ್ತು ಟೆಫ್ಲಾನ್ ಟೇಪ್ (ಸೋರಿಕೆ ತಡೆಯುವ ಬಿಳಿ ಟೇಪ್) ಹಾಕಿದ್ದಾಯ್ತು. ಥ್ರೆಡ್ಡಿನ ತುದಿ ನಮ್ಮ ಕಡೆ ಇಟ್ಟುಕೊಂಡು ಗಡಿಯಾರದ ದಿಕ್ಕಿಗೇ ಸುತ್ತಿದ್ದು. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಳ್ಳುತ್ತೆ. ನಲ್ಲಿ ನೇರ ನಿಲ್ಲಲಿ ಅಂತ ಹಿಂದಕ್ಕೂ ತಿರುಗಿಸಿಲ್ಲ. ಆದರೂ ನಿಮಿಷಕ್ಕೊಂದು ಹನಿ. ಎಪಾಕ್ಸಿ ಪುಟ್ಟಿ ಮೇಲಿಂದ ಮೆತ್ತಿದರೆ ನೀರು ಟೈಲ್ಸ್ ಹಿಂದೆ ದಾರಿ ಹುಡುಕುತ್ತೆ ಅಷ್ಟೇ, ಅದು ಬೇಡ.

ಗೊತ್ತಿದ್ದವರು ಹೇಳಿ: ಉದ್ದ ಥ್ರೆಡ್ ಇರುವ ಎಕ್ಸ್‌ಟೆನ್ಷನ್ ನಿಪ್ಪಲ್ (ಎಲ್ಬೋಗೂ ನಲ್ಲಿಗೂ ನಡುವೆ ಕೂರುವ ಜೋಡಣೆ ತುಂಡು) ಹಾಕಿದರೆ ಒಳಗಿನ ಗಟ್ಟಿ ಥ್ರೆಡ್ ಹಿಡಿಯುತ್ತಾ? ಟೇಪ್ ಬದಲು ಸೆಣಬಿನ ನಾರು, ಪೇಸ್ಟ್ ವಾಸಿನಾ? '99 ರೂ.' ಅಂಗಡಿಯ ನಿಪ್ಪಲ್ ಕೈಯಲ್ಲಿ ಹಿಡಿದರೆ ಹಗುರ, ಹಿತ್ತಾಳೆಯ ತೂಕ ಇಲ್ಲ. ಕುತ್ತಿಗೆಯಲ್ಲಿ ಮುರಿದರೆ ತುಂಡು ಎಲ್ಬೋದೊಳಗೇ ಸಿಕ್ಕಿಕೊಳ್ಳುತ್ತೆ. ಟೇಪು, ಬ್ರಷ್ಷು ಮಾತ್ರ ಅಲ್ಲಿಂದ ತಂದರೆ ಸಾಕಲ್ವಾ?